ಕ್ಷಣಪರಂಪರೆಯೂ ಸಾಕ್ಷಿಯೂ

ಲಿನಕ್ಸ್ ಗಣಕದಲ್ಲಿ ಚಲಚ್ಚಿತ್ರವು ತಡವರಿಸದೆ ಓಡುವಂತೆ ಮಾಡಹೊರಟವನು, ನಮ್ಮ ದರ್ಶನಕಾರರು ಶತಮಾನಗಳ ಕಾಲ ವಾದಿಸಿದ ಪ್ರಶ್ನೆಯನ್ನೇ ಎದುರುಗೊಳ್ಳುತ್ತಾನೆ: ಹುಟ್ಟಿದೊಡನೆ ಅಳಿಯುವ ಕ್ಷಣಗಳಲ್ಲಿ ಅಖಂಡತೆ ಎಲ್ಲಿಯದು?

ತೆರೆಯ ಮೇಲೆ ಚಲನೆಯೆಂಬುದಿಲ್ಲ. ಸೆಕೆಂಡಿಗೆ 24 ಸ್ಥಿರವಾದ ಫ್ರೇಮುಗಳು ಒಂದರ ಎಡೆಯಲ್ಲಿ ಇನ್ನೊಂದು ಬಂದು ನಿಲ್ಲುತ್ತವೆ. ಎಲ್ಲವೂ ಕ್ಷಣಕ್ಷಣಕ್ಕೂ ಅಳಿಯುವುದೆಂಬ ಬೌದ್ಧರ ಕ್ಷಣಭಂಗವಾದಕ್ಕೆ ಇದು ಬಲು ಸಮೀಪದ ದೃಷ್ಟಾಂತ. ಎಚ್.264 ಮೊದಲಾದ ಸಂಕೋಚನಪದ್ಧತಿಗಳಲ್ಲಿ ಕೆಲವು ಫ್ರೇಮುಗಳು ಮಾತ್ರ ಸ್ವಯಂಪೂರ್ಣವಾಗಿದ್ದು, ಉಳಿದವು ಇತರ ಫ್ರೇಮುಗಳಿಂದ ತಮಗಿರುವ ಭೇದವನ್ನಷ್ಟೇ ಹೊತ್ತಿರುವುದರಿಂದ, ಒಂದನ್ನಾಶ್ರಯಿಸಿ ಇನ್ನೊಂದು ಹುಟ್ಟುವುದೆಂಬ ಅವರ ಪ್ರತೀತ್ಯಸಮುತ್ಪಾದವೂ ಅಲ್ಲಿ ಕಾಣುತ್ತದೆ. ಇವನ್ನು ಬಿಡಿಸುವ ಭಾರವೆಲ್ಲ ಸಿಪಿಯುವಿನ ಮೇಲೆ ಬಿದ್ದು ಫ್ರೇಮುಗಳು ಹೊತ್ತಿಗೊದಗದಿದ್ದರೆ, ವಿಎ-ಎಪಿಐ ಎಂಬ ತಂತ್ರಾಂಶ-ಸಂಪರ್ಕದ ಮೂಲಕ ಆ ಕೆಲಸವನ್ನು ಗ್ರಾಫಿಕ್ಸ್ ಚಿಪ್ಪಿಗೆ ವಹಿಸಬಹುದು.

ಆದರೆ ಒಂದು ಫ್ರೇಮೂ ತಪ್ಪದಿದ್ದಾಗಲೂ ಓಟ ಎಡವುವುದುಂಟು. ನನ್ನನ್ನು ಬಹುವಾಗಿ ಚಿಂತನೆಗೆ ಹಚ್ಚಿದುದು ಇದೇ. ತೆರೆಯು ಸೆಕೆಂಡಿಗೆ 60 ಸಲ ಹೊಸತಾಗುವುದಾದರೆ, 24ರಿಂದ 60 ನಿಶ್ಶೇಷವಾಗಿ ಭಾಗವಾಗದುದರಿಂದ, ಒಂದು ಫ್ರೇಮು 2 ಸರದಿ, ಮುಂದಿನದು 3 ಸರದಿ ನಿಂತು, ಮೆಲ್ಲನೆ ಪಕ್ಕಕ್ಕೆ ಸರಿಯುವ ದೃಶ್ಯದಲ್ಲಿ ಕುಲುಕಾಟ ತೋರುತ್ತದೆ. ತೆರೆಯ ಗತಿಯನ್ನು 48ಕ್ಕೋ 120ಕ್ಕೋ ಹೊಂದಿಸಿದರೆ ಅದಿಲ್ಲ, ಫ್ರೇಮುಗಳಾದರೋ ಅವೇ. ಆ ಕುಲುಕು ಯಾವ ಫ್ರೇಮಿನಲ್ಲಿಯೂ ಇರಲಿಲ್ಲವಷ್ಟೆ. ಇದು ಹೆಚ್ಚು ಹೊತ್ತು ನಿಂತಿತು, ಅದು ಕಡಮೆ ಎಂದರಿಯಬೇಕಾದರೆ ಎರಡನ್ನೂ ಕಂಡು ಉಳಿದವನೊಬ್ಬನು ಬೇಕು. ಬ್ರಹ್ಮಸೂತ್ರಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಸ್ಮರಣೆಯನ್ನು ಮುಂದಿಟ್ಟು ಶಂಕರರು ಕ್ಷಣಿಕವಾದಿಯನ್ನು ತಡೆಯುವುದು ಇಲ್ಲಿಯೇ: ಎರಡನ್ನೂ ಗ್ರಹಿಸಿದ ಒಬ್ಬನಿಲ್ಲದೆ ಸಾದೃಶ್ಯವೂ ಸಿದ್ಧಿಸದು.

ಪೂರ್ವಕ್ಷಣದ ಸಂಸ್ಕಾರವೇ ಉತ್ತರಕ್ಷಣಕ್ಕೆ ಸಂಕ್ರಮಿಸುವುದರಿಂದ ಸ್ಥಿರನಾದವನ ಕಲ್ಪನೆ ಬೇಡವೆಂದು ಬೌದ್ಧರು ಹೇಳಬಹುದು. ಉತ್ತರ ಬಲವಾದುದೇ. ಆದರೆ ಭೇದವನ್ನಷ್ಟೇ ಹೊತ್ತು ಬಂದ ಫ್ರೇಮು ರೂಪತಾಳುವುದು, ತಾನಾಶ್ರಯಿಸಿದ ಫ್ರೇಮು ಮೆಮೊರಿಯಲ್ಲಿ ಅಳಿಯದೆ ಕಾದಿದ್ದರೆ ಮಾತ್ರ. ನಿರನ್ವಯವಾಗಿ, ಎಂದರೆ ಏನೂ ಉಳಿಯದಂತೆ, ನಶಿಸಿದುದಕ್ಕೆ ಭೇದವನ್ನು ಕೂಡಿಸುವುದೆಂತು? ಆ ಮೆಮೊರಿಯೂ ನಿತ್ಯವಲ್ಲ, ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಮತ್ತೆ ಮತ್ತೆ ತುಂಬದಿದ್ದರೆ ಅದರಲ್ಲಿಟ್ಟುದೆಲ್ಲ ಸೋರಿಹೋಗುತ್ತದೆ ಎಂದು ಪ್ರತಿವಾದಿಯು ಮತ್ತೊಮ್ಮೆ ಏಳಬಹುದು, ಅದನ್ನು ಅಲ್ಲಗಳೆಯಲಾರೆ. ಆದರೂ ನಾನು ಶಂಕರರ ಕಡೆಗೇ ಒಲಿಯುತ್ತೇನೆ, ಏಕೆಂದರೆ ಮೆಮೊರಿಯು ಎರಡು ಫ್ರೇಮುಗಳನ್ನು ಒಟ್ಟಿಗೆ ಹಿಡಿದಿರಬಲ್ಲುದಾದರೂ ಅವುಗಳ ನಡುವಣ ಕುಲುಕು ಅದಕ್ಕೆ ಎಂದೂ ಕಾಣದು.