ಸುಳ್ಳು ವಯಸ್ಸಿನ ಪೀಚೆಕತ್ತಿ

ಆನ್‌ಲೈನಿನಲ್ಲಿ ತರಿಸಿದ ಪೀಚೆಕತ್ತಿಯೊಂದನ್ನು ಇಟ್ಟುಕೊಳ್ಳಬೇಕೋ ವಾಪಸ್ ಕಳಿಸಬೇಕೋ ಎಂದು ಕೊಪ್ಪದ ಗೆಳೆಯರೊಬ್ಬರು ಈಚೆಗೆ ಕೇಳಿದರು. ಕೊಪ್ಪ ಇರುವುದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ಆದರೆ ಕಾವೇರಿಯ ಸೇತುವೆ ದಾಟಿದರೆ ಕುಶಾಲನಗರ, ಅಲ್ಲಿಂದಲೇ ಕೊಡಗು. ಗೆಳೆಯರದು ಹೊಗೆಸೊಪ್ಪು ಬೆಳೆಯುವ ಮನೆ. ಹಳೆಯ ಅಡಕತ್ತರಿ, ಕುಡುಗೋಲು, ಮಚ್ಚುಗಳನ್ನು ಕೂಡಿಡುವುದು ಅವರ ಪ್ರೀತಿಯ ಹವ್ಯಾಸ. ಹೊಳೆಯಾಚೆಯ ಮದುವೆಗಳಿಗೆ ಹೋದಾಗಲೆಲ್ಲ ಕೊಡವರ ಕಪ್ಪು ನಿಲುವಂಗಿ ಕುಪ್ಯದ ಮೇಲೆ ಸೊಂಟಕ್ಕೆ ಸುತ್ತಿದ ಕೆಂಪು ಚೇಲೆ, ಅದಕ್ಕೆ ಸಿಕ್ಕಿಸಿದ ಪೀಚೆಕತ್ತಿ, ಅದರ ಬೆಳ್ಳಿ ಸರಪಳಿ ಅವರ ಕಣ್ಣಿಗೆ ಬೀಳುತ್ತಿತ್ತು. ಹಾಗಾಗಿ ಫೋನಿನಲ್ಲಿ ಆ ಜಾಹೀರಾತು ಕಂಡಾಗ ಕೈ ತಡೆಯಲಿಲ್ಲ. ನೂರು ವರ್ಷಕ್ಕೂ ಹಳೆಯದು, ಬೆಳ್ಳಿಯ ಒರೆ, ದಂತದ ಹಿಡಿ, ಕೊಡಗಿನ ದೊಡ್ಡ ಮನೆತನವೊಂದರಿಂದ ಬಂದದ್ದು ಎಂದು ಅದರಲ್ಲಿ ಬರೆದಿತ್ತು. 18 ಸಾವಿರ ಕಟ್ಟಿದರು.

ಪೊಟ್ಟಣ ಬಿಚ್ಚಿದ ದಿನವೇ ಅವರಿಗೆ ಅನುಮಾನ ಬಂದಿದೆ. ಅಲಗಿನ ಉದ್ದಕ್ಕೂ ಗ್ರೈಂಡರ್ ಗೆರೆಗಳು. ಹಳೆಯ ಕತ್ತಿಯಲ್ಲಿ ಅಲಗಿನ ಬಾಲವನ್ನು ಹಿಡಿಯೊಳಗೆ ಕೂರಿಸಲು ಅರಗು ಹಾಕಿರುತ್ತಾರೆ. ಇದರಲ್ಲಿ ಎರಡು ಟ್ಯೂಬು ಬೆರೆಸಿ ಹಚ್ಚುವ ಅಂಟು ಅಂಚಿನಿಂದ ಉಕ್ಕಿ ಗಟ್ಟಿಯಾಗಿತ್ತು. ಸರಪಳಿಯ ಕೊಂಡಿಗಳೆಲ್ಲ ಯಂತ್ರದಲ್ಲಿ ಆದವು, ಒಂದರ ಹಾಗೆ ಇನ್ನೊಂದು. ಒರೆಯನ್ನು ಕುಶಾಲನಗರದ ಅಕ್ಕಸಾಲಿಗರಿಗೆ ತೋರಿಸಿದಾಗ, ಅವರು ಒರೆಗಲ್ಲು ಮುಟ್ಟುವ ಮುಂಚೆಯೇ ಜರ್ಮನ್ ಸಿಲ್ವರ್ ಎಂದುಬಿಟ್ಟರು. ತಾಮ್ರ, ನಿಕ್ಕಲ್, ಸತು ಸೇರಿದ ಆ ಲೋಹದಲ್ಲಿ ಬೆಳ್ಳಿ ಎಳ್ಳಷ್ಟೂ ಇರುವುದಿಲ್ಲ. ಹಿಡಿಯ ಮೈಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳಿದ್ದವು. ಅದು ಮೂಳೆಯ ಗುರುತು. ದಂತವನ್ನು ಅಡ್ಡ ಕೊಯ್ದರೆ ಒಂದನ್ನೊಂದು ದಾಟುವ ಬಾಗಿದ ಗೆರೆಗಳ ಜಾಲ ಕಾಣುತ್ತದೆ, ಚುಕ್ಕೆಗಳು ಕಾಣುವುದಿಲ್ಲ.

ನನ್ನನ್ನು ಹೆಚ್ಚು ನೋಯಿಸಿದ್ದು ತುಕ್ಕು. ಅಲಗಿನ ಮೇಲೆಲ್ಲ ಒಂದೇ ಸಮನಾಗಿ ಕಿತ್ತಳೆ ಬಣ್ಣದ ಹೊಸ ತುಕ್ಕು ಬರಿಸಿದ್ದರು. ಉಪ್ಪುನೀರು, ಹುಳಿ, ನಾಲ್ಕು ದಿನದ ತೇವ ಇದ್ದರೆ ಯಾವ ಕಬ್ಬಿಣಕ್ಕೂ ಹಾಗೆ ತುಕ್ಕು ಹಿಡಿಸಬಹುದು. ಹಳೆಯದೆಂದರೆ ತುಕ್ಕು ಹಿಡಿದದ್ದು ಎಂದು ಕೊಳ್ಳುವವರು ನಂಬಿರುವುದರಿಂದಲೇ ಈ ಕೆಲಸ ನಡೆಯುತ್ತದೆ. ಆದರೆ ಕೊಡಗಿನ ಐನ್‌ಮನೆಗಳಲ್ಲಿ, ಅಂದರೆ ಮನೆತನದ ಮೂಲಮನೆಗಳಲ್ಲಿ, ಆಯುಧ ಇರುವ ರೀತಿಯೇ ಬೇರೆ. ಪ್ರತಿವರ್ಷ ಸೆಪ್ಟೆಂಬರ್ ಮೊದಲ ವಾರದ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂತೆಂದರೆ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು ಒರೆಸಿ, ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ತಲೆಮಾರುಗಳಿಂದ ಹಾಗೆ ನೋಡಿಕೊಂಡ ಕತ್ತಿಯ ಅಲಗು ಸವೆದಿರಬಹುದು, ಸಾಣೆ ಹಿಡಿದು ಹಿಡಿದು ಕಿರಿದಾಗಿರಬಹುದು, ಹೆಬ್ಬೆರಳು ಕೂರುವ ಕಡೆ ಹಿಡಿ ನುಣುಪಾಗಿರಬಹುದು. ತುಕ್ಕಿನಲ್ಲಿ ಮುಳುಗಿರುವುದಿಲ್ಲ. ಮನೆತನದ ಕತ್ತಿ ಎಂದು ನಂಬಿಸುವುದಕ್ಕೆ ಆ ಮನೆತನದ ಆರೈಕೆಯನ್ನೇ ಸುಳ್ಳು ಮಾಡಿದ್ದಾರಲ್ಲ, ಅದು ನನಗೆ ಸಹಿಸಲಾಗಲಿಲ್ಲ.

ಗೆಳೆಯರು ಮಾರಿದವನಿಗೆ ಫೋಟೋ ಕಳಿಸಿ ಕೇಳಿದರು. ಆತ ವಾದಿಸಲಿಲ್ಲ. ಕತ್ತಿ ನಿಮ್ಮಲ್ಲೇ ಇರಲಿ, 6 ಸಾವಿರ ಹಿಂದಕ್ಕೆ ಹಾಕುತ್ತೇನೆ, ಕೆಟ್ಟ ಅಭಿಪ್ರಾಯ ಬರೆಯಬೇಡಿ ಎಂದ. ಗೆಳೆಯರ ಮನಸ್ಸು ವಾಲಿದ್ದು ಅಲ್ಲೇ. “ಇರ್ಲಿ ಬುಡಿ ಸಾರ್, ನೋಡಕ್ಕೇನೋ ಚೆನ್ನಾಗದೆ. ಗೋಡೆಗೆ ಹಾಕುದ್ರೆ ಯಾರು ಕೇಳ್ತಾರೆ?” ಎಂದರು.

ಇವತ್ತು ಯಾರೂ ಕೇಳುವುದಿಲ್ಲ, ನಿಜ. ಮುಂದೆ ಅವರ ಮೊಮ್ಮಗಳು ಕೇಳುತ್ತಾಳೆ. ಆಗ ಮನೆಯವರು ಜಾಹೀರಾತಿನಲ್ಲಿದ್ದ ಮಾತನ್ನೇ ಹೇಳುತ್ತಾರೆ. ನೂರು ವರ್ಷದ್ದಂತೆ, ಕೊಡಗಿನ ದೊಡ್ಡ ಮನೆಯದಂತೆ, ಆನೆದಂತದ್ದಂತೆ. ಅಷ್ಟು ಹೊತ್ತಿಗೆ ಮಾರಿದವನ ಹೆಸರು ಯಾರಿಗೂ ನೆನಪಿರುವುದಿಲ್ಲ. ಸಾಕ್ಷಿ ಹೇಳುವವರು ನಮ್ಮ ಗೆಳೆಯರೇ ಆಗಿರುತ್ತಾರೆ. ಊರಲ್ಲಿ ಸುಳ್ಳು ಆಡದ ಮನುಷ್ಯ ಎಂದು ಹೆಸರಿರುವವರ ಮನೆಯ ಗೋಡೆಯ ಮೇಲಿದ್ದ ವಸ್ತುವನ್ನು ಯಾರು ಅನುಮಾನಿಸುತ್ತಾರೆ? ಆ 6 ಸಾವಿರಕ್ಕೆ ಮಾರಾಟವಾಗುತ್ತಿರುವುದು ಅವರ ಆ ಹೆಸರು. ಹಾಗಾಗಿ ವಾಪಸ್ ಕಳಿಸಿ ಎಂದೆ.

ಸಂಗ್ರಹಕ್ಕೆಂದು ಕೊಳ್ಳುವ ವಸ್ತುವಿನ ಬೆಲೆಯಲ್ಲಿ ಬಹುಪಾಲು ಅದು ಎಲ್ಲಿಂದ ಬಂತು, ಯಾರ ಕೈಯಲ್ಲಿತ್ತು ಎಂಬುದಕ್ಕೇ ಸಲ್ಲುತ್ತದೆ. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಟಿಪ್ಪು ಸುಲ್ತಾನನ ಶಯನಗೃಹದಿಂದ ತೆಗೆದು ಬ್ರಿಟಿಷ್ ಸೇನಾಧಿಕಾರಿ ಡೇವಿಡ್ ಬೇರ್ಡ್‌ಗೆ ಕೊಟ್ಟ ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು. ಅಷ್ಟೇ ಒಳ್ಳೆಯ ಉಕ್ಕು, ಅಷ್ಟೇ ಒಳ್ಳೆಯ ಚಿನ್ನದ ಕೆಲಸ ಇರುವ, ಯಾರದೆಂದು ಗೊತ್ತಿಲ್ಲದ ಖಡ್ಗಕ್ಕೆ ಅದರ ಸಣ್ಣ ಪಾಲೂ ಹುಟ್ಟುವುದಿಲ್ಲ. ಪಿರಿಯಾಪಟ್ಟಣದ ಕೋಟೆಯನ್ನೂ ಟಿಪ್ಪುವಿನ ಕಾಲದ ಯುದ್ಧಗಳನ್ನೂ ಕೇಳುತ್ತ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 18 ಸಾವಿರದಲ್ಲಿ ಗೆಳೆಯರು ಕಬ್ಬಿಣಕ್ಕೆ ಕೊಟ್ಟದ್ದು ಸಾವಿರವೋ ಎರಡು ಸಾವಿರವೋ. ಉಳಿದದ್ದೆಲ್ಲ ಆ ಮನೆತನದ ಮಾತಿಗೆ ಕೊಟ್ಟದ್ದು, ಬಾರದೆ ಉಳಿದದ್ದೂ ಅದೇ.

ಇನ್ನು ಆ ಜಾಹೀರಾತಿನ ಮಾತೆಲ್ಲ ನಿಜವಾಗಿದ್ದರೆ? ಗೆಳೆಯರು ಇದನ್ನು ಯೋಚಿಸಿಯೇ ಇರಲಿಲ್ಲ. ದಂತ ನಿಜವಾಗಿದ್ದರೆ ಅದನ್ನು ಮಾರುವುದೂ ಅಪರಾಧ, ಕೊಳ್ಳುವುದೂ ಅಪರಾಧ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ನಮ್ಮ ದೇಶದ ಆನೆಯ ದಂತದ ವ್ಯಾಪಾರ 1986ರಲ್ಲೇ ನಿಂತಿತು. ಆಫ್ರಿಕಾದ ದಂತಕ್ಕೂ 1991ರ ತಿದ್ದುಪಡಿ ಬಾಗಿಲು ಮುಚ್ಚಿತು. ನಾಗರಹೊಳೆಯ ಅಂಚಿನಲ್ಲಿ, ಹುಣಸೂರು, ಹೆಗ್ಗಡದೇವನಕೋಟೆಗಳ ಕಾಡಿನ ಪಕ್ಕದಲ್ಲಿ ಬದುಕುವ ನಾವು ದಂತ ಎಂಬ ಪದ ಕಂಡ ಕೂಡಲೇ ಜಾಹೀರಾತನ್ನು ಮುಚ್ಚಬೇಕು. ವಯಸ್ಸಿನ ಮಾತೂ ಹಾಗೆಯೇ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತು ಪುರಾವಸ್ತು. ಅದನ್ನು ವ್ಯಾಪಾರವಾಗಿ ಮಾರುವವರಿಗೆ ಪರವಾನಗಿ ಬೇಕು. ನೂರು ವರ್ಷ ಎಂದು ಬರೆದವನನ್ನು ನಿಮ್ಮ ಪರವಾನಗಿ ತೋರಿಸಿ ಎಂದು ಕೇಳಿ ನೋಡಿ. ನಾನು ಹೇಳಿದ್ದು ನಿಜ ಎಂದು ಹಟ ಹಿಡಿದರೆ ಅವನಿಗೆ ಇನ್ನೂ ದೊಡ್ಡ ತೊಂದರೆ. ವಾದ ಮಾಡದೆ ಆತ 6 ಸಾವಿರಕ್ಕೆ ಇಳಿದದ್ದು ಯಾಕೆ ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ನನಗೆ ತೋಚುವುದಿಲ್ಲ.

ನಮ್ಮ ಕಡೆ ಸರಕು ನೋಡದೆ ದರ ಕೂಗುವ ಪದ್ಧತಿ ಇಲ್ಲ. ಕಂಪಲಾಪುರದಲ್ಲೋ ಕಟ್ಟೆಮಳಲವಾಡಿಯಲ್ಲೋ ಹೊಗೆಸೊಪ್ಪಿನ ಹರಾಜು ನಡೆಯುವಾಗ ಬೇಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಕಂಪನಿಯವರು ಎಲೆ ಎಳೆದು, ಬಣ್ಣ ನೋಡಿ, ಮುಟ್ಟಿ, ಮೂಸಿ ದರ ಹೇಳುತ್ತಾರೆ. ಮೇಲೆ ಒಳ್ಳೆಯ ಎಲೆ, ಒಳಗೆ ಕಪ್ಪು ಎಲೆ ಇಟ್ಟು ಕಟ್ಟಿದ ಬೇಲು ಸಿಕ್ಕಿಬಿದ್ದರೆ ಆ ರೈತನ ಮುಂದಿನ ಬೇಲುಗಳ ಮೇಲೂ ಕಣ್ಣು ಬೀಳುತ್ತದೆ. ಅಂಥ ಕಡೆ ವರ್ಷವರ್ಷ ನಿಂತು ಬೇಲು ಮಾರಿದವರು ನಮ್ಮ ಗೆಳೆಯರು. ನೀವು ಹೀಗೆ ಬೇಲು ಕಟ್ಟುತ್ತಿದ್ದಿರಾ ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಕತ್ತಿಯನ್ನು ಮತ್ತೆ ಪೊಟ್ಟಣಕ್ಕೆ ಹಾಕಿದರು.

ವಾಪಸ್ ಕಳಿಸುವವರು ಕೆಲವು ವಿಷಯ ತಿಳಿದಿರಬೇಕು. ಅನುಮಾನ ಬಂದ ವಸ್ತುವನ್ನು ತಿಕ್ಕಿ ತೊಳೆಯಬಾರದು, ಎಣ್ಣೆ ಹಾಕಬಾರದು, ಸಾಣೆ ಹಿಡಿಸಬಾರದು. ವಸ್ತು ತನ್ನದೇ ಎಂಬಂತೆ ಬಳಸಿದರೂ, ತುಂಬ ದಿನ ಸುಮ್ಮನೆ ಇಟ್ಟುಕೊಂಡರೂ ಕೊಂಡವನು ಒಪ್ಪಿಕೊಂಡಂತೆ ಎಂದು 1930ರ ಸರಕು ಮಾರಾಟ ಕಾಯ್ದೆ ಹೇಳುತ್ತದೆ. ಬೇಡ ಎಂಬುದನ್ನು ಬೇಗ, ಬರಹದಲ್ಲಿ ತಿಳಿಸಬೇಕು. ಜಾಹೀರಾತಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ದೂರು ಹೋದ ಸಂಜೆಯೇ ಅದರ ಮಾತು ಬದಲಾಗಿಬಿಡಬಹುದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳಲು ಮಾರಾಟಗಾರ ನಿರಾಕರಿಸುವಂತಿಲ್ಲ. ಮಾರಾಟ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಮುಟ್ಟಿತೆಂದು ತಿಳಿಸಬೇಕು, ತಿಂಗಳೊಳಗೆ ಪರಿಹರಿಸಬೇಕು. ಮನೆಯ ಹಳೆ ವಸ್ತುವನ್ನು ಎಂದೋ ಒಮ್ಮೆ ಮಾರುವವರಿಗೆ ಈ ನಿಯಮಗಳು ತಾಗುವುದಿಲ್ಲ. ಇದನ್ನೇ ಕಸುಬು ಮಾಡಿಕೊಂಡವರಿಗೆ ತಾಗುತ್ತವೆ. ಅಲ್ಲೂ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗ ಇದೆ. ಮಾರಿದವನು ಯಾವ ರಾಜ್ಯದಲ್ಲಿದ್ದರೂ ಕೊಪ್ಪದವರು ಮೈಸೂರಿನಲ್ಲೇ ದೂರು ಕೊಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ತಂದ ಅನುಕೂಲ ಇದು.

ಅದೇ ಕಾಯ್ದೆ ಹಳೆಯ ಸರಕನ್ನು ಹೊಸದೆಂದು ಮಾರುವುದನ್ನು ಹೆಸರಿಟ್ಟು ಅನುಚಿತ ವ್ಯಾಪಾರ ಎನ್ನುತ್ತದೆ. ಹೊಸದನ್ನು ಹಳೆಯದೆಂದು ಮಾರುವುದಕ್ಕೆ ಹಾಗೆ ಬಿಡಿಯಾಗಿ ಹೆಸರಿಟ್ಟಿಲ್ಲ. ಗುಣಮಟ್ಟ, ಮಾದರಿಗಳ ಬಗ್ಗೆ ಸುಳ್ಳು ಹೇಳುವುದರ ಅಡಿಯಲ್ಲಿ ಅದನ್ನು ತರಬೇಕು. ಕರ್ನಾಟಕದ ಹಳೆಯ ವಸ್ತುಗಳು ಇಷ್ಟೊಂದು ಫೋನಿನಲ್ಲಿ ಮಾರಾಟವಾಗುತ್ತಿರುವಾಗ ಅದಕ್ಕೂ ಒಂದು ಸಾಲು ಬೇಕಿತ್ತು ಎನಿಸುತ್ತದೆ.

ಹೊಸ ಪೀಚೆಕತ್ತಿ ಕೊಳ್ಳುವುದರಲ್ಲಿ ಕೊರತೆಯೇನೂ ಇಲ್ಲ. ಕೊಡಗಿನಲ್ಲಿ ಮದುವೆಗೆಂದು ಇವತ್ತಿಗೂ ಹೊಸದಾಗಿ ಮಾಡಿಸುವವರಿದ್ದಾರೆ. ಇವತ್ತು ಮಾಡಿದ್ದು ಎಂದು ಹೇಳಿ ಇವತ್ತಿನ ಬೆಲೆಗೆ ಕೊಟ್ಟರೆ ಆ ಕಮ್ಮಾರನ ಕೈಗೂ ಅಕ್ಕಸಾಲಿಗನ ಕೈಗೂ ಮರ್ಯಾದೆ ಸಿಗುತ್ತದೆ. ತುಕ್ಕು ಹಿಡಿಸಿದ ಈ ಕತ್ತಿಯನ್ನು ಮಾಡಿದವನೂ ಒಬ್ಬ ಕಸುಬುದಾರನೇ. ನಡುವಿನವನು ಆ ಕೆಲಸವನ್ನು ಸತ್ತುಹೋದ ಯಾರದೋ ಲೆಕ್ಕಕ್ಕೆ ಬರೆದು, ಲಾಭವನ್ನು ತಾನು ತೆಗೆದುಕೊಂಡ.

ಗೆಳೆಯರು ದೂರು ಕೊಟ್ಟರು. ಕತ್ತಿ ಹಿಂದಕ್ಕೆ ಹೋಗಿದೆ, 18 ಸಾವಿರ ಪೂರ್ತಿಯಾಗಿ ಬಂದಿದೆ. ಹಣ ಬಂತಲ್ಲ, ದೂರು ಹಿಂತೆಗೆದುಕೊಳ್ಳಿ ಎಂದು ಮಾರಿದವನು ಈಗ ದಿನಾ ಫೋನ್ ಮಾಡುತ್ತಿದ್ದಾನೆ. ಅದೇ ಜಾಹೀರಾತು ಅದೇ ಮಾತುಗಳೊಂದಿಗೆ ಇನ್ನೂ ಫೋನಿನಲ್ಲಿದೆ. ಆ ಮಾತುಗಳನ್ನು ತೆಗೆಯುವ ತನಕ ಹಿಂತೆಗೆಯುವುದಿಲ್ಲ ಎಂದು ಗೆಳೆಯರು ಅವನಿಗೆ ಹೇಳಿದ್ದಾರೆ.