ಮನ್ನಿಸುವ ಮುನ್ನ ಲೆಕ್ಕ ನೋಡೋಣ



ನಮಗೆ ನಷ್ಟ ಮಾಡಿದವನ ಬಳಿ ಹೋಗಿ ಪರಿಹಾರ ಕೇಳುವುದು ಕ್ರೈಸ್ತರಿಗೆ ತಕ್ಕದ್ದೇ? ಅಥವಾ 'ಹೋಗಲಿ ಬಿಡು' ಎಂದು ಸುಮ್ಮನಿರುವುದೇ ಕ್ಷಮೆಯೇ? ಬೆಂಗಳೂರಿನ ಒಂದು ಕುಟುಂಬ ಈ ಪ್ರಶ್ನೆ ಹೊತ್ತು ನನ್ನ ಬಳಿ ಬಂದಿತ್ತು.

ಅವರು ಜನವರಿಯಲ್ಲಿ ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಹಬ್ಬಕ್ಕೆ ಹೊರಟಿದ್ದರು. ಹಿಂದಿನ ಸಂಜೆ, ವ್ಯಾನಿನಲ್ಲಿ ಮನೆಬಾಗಿಲಿಗೇ ಬಂದು ಟೈರ್ ಬದಲಿಸಿಕೊಡುವ ಹುಡುಗನನ್ನು ಕರೆಸಿ ಕಾರಿಗೆ ಎರಡು ಹೊಸ ಟೈರ್ ಹಾಕಿಸಿದರು. ಆತ ಫೋನಿನಲ್ಲಿ ಮಾತನಾಡುತ್ತಲೇ ಕೆಲಸ ಮುಗಿಸಿ ಹಣ ಪಡೆದು ಹೋದ. ಮರುದಿನ ಚನ್ನರಾಯಪಟ್ಟಣ ದಾಟಿದ ಮೇಲೆ ಮುಂದಿನ ಚಕ್ರ ಕಟಕಟ ಸದ್ದು ಮಾಡಿ ಗಾಡಿ ಅದುರತೊಡಗಿತು. ನಿಲ್ಲಿಸಿ ನೋಡಿದರೆ ಆ ಚಕ್ರದ ನಟ್ಟುಗಳು ಸಡಿಲ. ಎರಡು ಬೋಲ್ಟು ಮುರಿದಿದ್ದವು. ಜಾಕನ್ನು ತಪ್ಪು ಜಾಗಕ್ಕೆ ಕೊಟ್ಟಿದ್ದರಿಂದ ಬಾಗಿಲ ಕೆಳಗಿನ ತಗಡೂ ಬಗ್ಗಿತ್ತು. ದುರಸ್ತಿಗೆ 8,000 ರೂಪಾಯಿ ಆಯಿತು. ಗಾಡಿ ಹಾಗೆಯೇ ಸಾಗಿದ್ದರೆ ಮುಂದೆ ಶಿರಾಡಿ ಘಾಟಿ ಇಳಿಯಬೇಕಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳಿದ್ದರು.

"ಅವನ ನಂಬರನ್ನು ಎಲ್ಲ ವಾಟ್ಸಾಪ್ ಗ್ರೂಪುಗಳಿಗೂ ಹಾಕಿ ಅವನ ದಂಧೆಯನ್ನೇ ನಿಲ್ಲಿಸುತ್ತೇನೆ" ಎಂದು ಗಂಡ. "ಬಡವರ ಮನೆಯ ಹುಡುಗ, ದೇವರು ನಮ್ಮನ್ನು ಕಾಪಾಡಿದರಲ್ಲ, ಮರೆತುಬಿಡೋಣ" ಎಂದು ಹೆಂಡತಿ. "ಫಾದರ್, ನಮ್ಮಲ್ಲಿ ಯಾರು ಸರಿ?"

ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ನನಗೆ ಕಂಡದ್ದು ಇಷ್ಟೇ: ಇಬ್ಬರೂ ಆ ಹುಡುಗನೊಡನೆ ಮಾತನಾಡಿರಲೇ ಇಲ್ಲ. ಒಬ್ಬರು ಅವನನ್ನು ಕೇಳದೆಯೇ ಶಿಕ್ಷಿಸಲು ಹೊರಟಿದ್ದರು, ಇನ್ನೊಬ್ಬರು ಕೇಳದೆಯೇ ಕ್ಷಮಿಸಲು ಹೊರಟಿದ್ದರು.

ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯವನ್ನು ತೆರೆಯಿರಿ. ತಪ್ಪು ಮಾಡಿದ ಸೋದರನ ಬಳಿಗೆ ಮೊದಲು ಒಬ್ಬನೇ ಹೋಗಿ ಅವನ ತಪ್ಪನ್ನು ತಿಳಿಸಬೇಕೆಂದು ಪ್ರಭು ಯೇಸು ಅಲ್ಲಿ ಕಲಿಸುತ್ತಾರೆ. ಅದೇ ಅಧ್ಯಾಯದ ಕೊನೆಯಲ್ಲಿ ಸೇವಕನ ಸಾಲವನ್ನು ಮನ್ನಾ ಮಾಡಿದ ಅರಸನ ಸಾಮತಿಯಿದೆ. ಆ ಅರಸ ಮೊದಲು ಮಾಡಿದ್ದೇನು? ಲೆಕ್ಕ ನೋಡಿದ. ಸಾಲ ಎಷ್ಟೆಂದು ಇಬ್ಬರಿಗೂ ಗೊತ್ತಾದ ಮೇಲೆಯೇ ಮನ್ನಾ ಎಂಬ ಮಾತಿಗೆ ಅರ್ಥ ಬಂತು.

'ಬೇಕೆಂದು ಮಾಡಿದ್ದಲ್ಲವಲ್ಲ' ಎನ್ನಬಹುದು. ವಿಮೋಚನಕಾಂಡದ 21ನೇ ಅಧ್ಯಾಯ ಇದಕ್ಕೂ ಉತ್ತರ ಕೊಡುತ್ತದೆ. ಗುಂಡಿ ತೋಡಿ ಮುಚ್ಚದೆ ಬಿಟ್ಟವನು, ಅದರಲ್ಲಿ ನೆರೆಯವನ ಎತ್ತು ಬಿದ್ದು ಸತ್ತರೆ, ಅದರ ಬೆಲೆ ಕೊಡಬೇಕು. ಅವನಲ್ಲಿ ದ್ವೇಷವಿರಲಿಲ್ಲ, ಇದ್ದದ್ದು ಅಜಾಗ್ರತೆ ಮಾತ್ರ. ಸಂತ ಥಾಮಸ್ ಅಕ್ವಿನಾಸರು ನಷ್ಟ ತುಂಬಿಕೊಡುವುದನ್ನು ದಾನವೆನ್ನಲಿಲ್ಲ, ನ್ಯಾಯವೆಂದರು. ಬಿಗಿಯದ ನಟ್ಟೂ ಮುಚ್ಚದ ಗುಂಡಿಯೇ. ನಾವು ಸುಮ್ಮನಿದ್ದರೆ ಆ ಗುಂಡಿ ಹಾಗೆಯೇ ಇರುತ್ತದೆ, ನಾಳೆ ಇನ್ನೊಂದು ಕುಟುಂಬ ಅದರಲ್ಲಿ ಬೀಳುತ್ತದೆ. ಅಂಥ ಮೌನವನ್ನು ಕರುಣೆ ಎನ್ನಲಾಗದು.

ಹಾಗಾದರೆ ಕ್ಷಮೆ ಎಲ್ಲಿ? ಇಲ್ಲಿ ಎರಡು ಲೆಕ್ಕಗಳಿವೆ. ಮನಸ್ಸಿನ ದ್ವೇಷವನ್ನು ಬಿಡುವುದು ನಮ್ಮೆಲ್ಲರ ಕರ್ತವ್ಯ, ಹಣ ಬಂದರೂ ಬಾರದಿದ್ದರೂ. ಹಣವನ್ನು ಬಿಟ್ಟುಕೊಡುವುದು ನಮ್ಮ ಇಚ್ಛೆಗೆ ಸೇರಿದ ಕೊಡುಗೆ. ಕೇಳುವಾಗಲೂ ನ್ಯಾಯವಿರಲಿ. ಆದ ನಷ್ಟವನ್ನಷ್ಟೇ ಕೇಳಿ; ಹಳೆಯ ಗೀರುಗಳನ್ನೂ ಅವನ ಲೆಕ್ಕಕ್ಕೆ ಸೇರಿಸಬೇಡಿ. ಅವನು ಸಂಬಳದ ಆಳಾಗಿದ್ದರೆ, ಕೆಲಸ ಕಲಿಸದೆ ಅವನನ್ನು ಓಡಿಸಿದ ಮಾಲೀಕನನ್ನೂ ಕೇಳಿ. 'ಬೇಗ ಮುಗಿಸಪ್ಪಾ' ಎಂದು ಅವಸರಪಡಿಸಿದವರು ನಾವೇ ಅಲ್ಲವೇ ಎಂದೂ ನೋಡಿಕೊಳ್ಳಿ.

ಗಂಡ ಹೋಗಿ ಮಾತನಾಡಿದರು. ಹುಡುಗ ಮೊದಲು ಒಪ್ಪಲಿಲ್ಲ. ಮುರಿದ ಬೋಲ್ಟುಗಳನ್ನು ತೋರಿಸಿ, ಮಕ್ಕಳಿದ್ದರೆಂದು ಹೇಳಿದಾಗ ತಲೆ ತಗ್ಗಿಸಿದ. ಸ್ವಂತ ವ್ಯಾನು, ತೀರಿಸಬೇಕಾದ ಸಾಲ, ನೋಡಿ ಕಲಿತ ಕೆಲಸ. ನಟ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಬೇಕು, ಎದುರುಬದುರಾಗಿ ಬಿಗಿಯಬೇಕು, ಗಾಡಿ ಇಳಿಸಿದ ಮೇಲೆ ಸ್ಪ್ಯಾನರಿನಿಂದ ಮತ್ತೊಮ್ಮೆ ಪರೀಕ್ಷಿಸಬೇಕು ಎಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಎರಡು ಕಂತಿನಲ್ಲಿ 3,000 ಕೊಟ್ಟ. ಉಳಿದದ್ದನ್ನು ಗಂಡಹೆಂಡಿರು ಒಟ್ಟಾಗಿ ಬಿಟ್ಟುಕೊಟ್ಟರು. ಈಗ ಅದು ನಿಜವಾದ ಮನ್ನಾ.

ಎಲ್ಲರ ವಿಷಯವೂ ಹೀಗೆ ಮುಗಿಯುವುದಿಲ್ಲ. ಬೈದು ಕಳುಹಿಸುವವರೂ ಇದ್ದಾರೆ. ಆಗ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ದ್ವೇಷವಿಲ್ಲದೆ ನ್ಯಾಯ ಕೇಳುವುದು ಪಾಪವಲ್ಲ.

ಕೊನೆಗೊಂದು ಮಾತು. ನಾವೂ ಯಾರದೋ ಕೆಲಸವನ್ನು ಕೈಗೆತ್ತಿಕೊಂಡವರೇ. ಕಚೇರಿಯಲ್ಲಿ, ಶಾಲೆಯಲ್ಲಿ, ಅಡುಗೆಮನೆಯಲ್ಲಿ, ಗುರುಗಳಾದ ನಾವು ಪೀಠದ ಬಳಿಯಲ್ಲಿ. ಮುಂದಿನ ಪಾಪನಿವೇದನೆಗೆ ಸಿದ್ಧರಾಗುವಾಗ ಕೋಪ, ಸುಳ್ಳುಗಳ ಜೊತೆಗೆ ಇದನ್ನೂ ಕೇಳಿಕೊಳ್ಳೋಣ: ನಾನು ಬಿಗಿಯದೆ ಬಿಟ್ಟ ನಟ್ಟು ಯಾವುದು? ಅದರಿಂದ ನೊಂದವರು ನನ್ನ ಬಳಿ ಕೇಳಲು ಬರುವವರೆಗೆ ಕಾಯದೆ, ನಾನೇ ಅವರ ಬಾಗಿಲಿಗೆ ಹೋಗಬಲ್ಲೆನೇ?