ಅಜ್ಜಿಯ ಬಾಯಲ್ಲಿರುವ ವಂಶಾವಳಿ



ಡಿಸೆಂಬರ್ 17ರ ಬಲಿಪೂಜೆಯಲ್ಲಿ ಮತ್ತಾಯನ ಶುಭಸಂದೇಶದ ಮೊದಲ ಪುಟ ಓದುವಾಗ ಹಿಂದೆ ಕೂತವರು ಆಕಳಿಸುವುದು ಪೀಠದ ಬಳಿ ನಿಂತ ನಮಗೆ ಕಾಣುತ್ತದೆ. ಅಬ್ರಹಾಮನಿಂದ ಯೇಸುವಿನವರೆಗೆ ಹದಿನಾಲ್ಕರಂತೆ ಮೂರು ಸಲ ತಲೆಮಾರುಗಳ ಹೆಸರು, ಅಷ್ಟೇ. ಆದರೆ ರೋಣ, ನರಗುಂದ, ಗಜೇಂದ್ರಗಡದ ಕಡೆಯ ನಮಗೆ ಇದು ಹೊಸದಾಗಬಾರದು. ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತಿನೊಂದಿಗೆ ಬಂದು, ಒಕ್ಕಲ ಮನೆಯ ಕಟ್ಟೆಯ ಮೇಲೆ ಕೂತು, ಆ ಮನೆತನದ ಮೂಲ ಯಾವ ಊರು, ಅಲ್ಲಿಂದ ಯಾರು ಬಂದರು, ಮಕ್ಕಳೆಷ್ಟು ಎಂದು ಹೇಳುವುದನ್ನು ಹಿರಿಯರು ಕೇಳಿದ್ದೀರಿ. ಹೊಸ ಹೆಸರು ಬರೆದುಕೊಂಡು, ಕಾಳುಕಡಿ, ಬಟ್ಟೆ, ಕಾಣಿಕೆ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಮನೆಯವರಿಗೇ ಅವರ ಮನೆಯ ಸಂಗತಿ ಹೇಳುವ ಇಂಥ ಕಾಯಕ ಎಲ್ಲ ನಾಡಿಗೂ ಸಿಕ್ಕಿಲ್ಲ.

ಆದರೆ ಆ ಕಡತ ಗಂಡುಮಕ್ಕಳ ಸಾಲನ್ನೇ ಹಿಡಿದು ಸಾಗುವಂಥದು. ಹೆಳವರು ಎಲ್ಲರ ಮನೆಗೂ ಹೋಗುವುದಿಲ್ಲ. ಅವರವರ ಒಕ್ಕಲು ಅವರವರಿಗೆ. ಹೀಗಾಗಿ ನಮ್ಮ ಎಷ್ಟೋ ಕುಟುಂಬಗಳ ವಂಶಾವಳಿ ಅಜ್ಜಿಯ ಬಾಯಲ್ಲಿ ಮಾತ್ರ ಇದೆ. ಆಕೆ ತೀರಿದ ದಿನ ಅದೂ ಮಣ್ಣಿಗೆ ಹೋಗುತ್ತದೆ.

ಇದಕ್ಕೆ ಬೇರೆ ಬಿಡುವು ಬೇಕಾಗಿಲ್ಲ. ಆಕೆ ಜೋಳ ಹಸನು ಮಾಡುವಾಗ, ರೊಟ್ಟಿ ಬಡಿಯುವಾಗ, ಜಪಸರ ಮುಗಿದು ಊಟಕ್ಕೆ ಕೂತಾಗ ಒಂದೊಂದೇ ಕೇಳಿರಿ. ಇಸವಿ ಕೇಳಬೇಡಿ. 'ಗಾಂಧಿ ಸತ್ತ ವರ್ಷ' ಎಂದಾಳು, 'ನರಗುಂದದಾಗ ಗೋಲಿಬಾರ್ ಆದಾಗ ನಿಮ್ಮಪ್ಪ ಇನ್ನ ತೊಟ್ಟಿಲದಾಗಿದ್ದ' ಎಂದಾಳು. 1948, 1980 ಎಂದು ನೀವು ಬರೆದುಕೊಳ್ಳಿ. ಟ್ರಂಕಿನ ಹಳೆಯ ಕಾಗದಗಳಲ್ಲಿ ಗದಗ ಜಿಲ್ಲೆಯನ್ನು ಹುಡುಕಬೇಡಿ, ಅದು ಹುಟ್ಟಿದ್ದು 1997ರಲ್ಲಿ. ಅದಕ್ಕೆ ಮೊದಲು ನಾವು ಧಾರವಾಡ ಜಿಲ್ಲೆಯವರು; 1956ರವರೆಗೆ ಆ ಜಿಲ್ಲೆ ಮುಂಬಯಿಗೆ ಸೇರಿತ್ತು. ನರಗುಂದವಂತೂ 1858ರಲ್ಲಿ ಬಾಬಾಸಾಹೇಬ ಬಂಡೆದ್ದು ಸೋಲುವ ತನಕ ಬೇರೆಯೇ ಸಂಸ್ಥಾನ. ಮೋಡಿ ಅಕ್ಷರದ ಕಾಗದ ಸಿಕ್ಕರೆ ಓದಲು ಬರುವುದಿಲ್ಲವೆಂದು ಒಲೆಗೆ ಹಾಕಬೇಡಿ.

ಇನ್ನು ದೇವಾಲಯದ ಪುಸ್ತಕ. ವಿವಾಹದ ಪುಸ್ತಕವಿಡಬೇಕು, ಜ್ಞಾನಸ್ನಾನದ ಪುಸ್ತಕದಲ್ಲಿ ಜ್ಞಾನ ತಂದೆತಾಯಿಗಳ ಹೆಸರು ಬರೆಯಬೇಕು ಎಂದು 1563ರಲ್ಲಿ ತ್ರೆಂತ್ ಮಹಾಸಭೆ ವಿಧಿಸಿತು. ಇಂದಿಗೂ ಅದರಲ್ಲಿ ತಂದೆಯ ಪಕ್ಕದಲ್ಲಿ ತಾಯಿಯ ಹೆಸರಿದೆ. ಮಗಳು ಮದುವೆಯಾಗಿ ಎಷ್ಟು ದೂರ ಹೋದರೂ ಆ ಮದುವೆಯ ಸಂಗತಿ ಅವಳ ಜ್ಞಾನಸ್ನಾನದ ಪುಟಕ್ಕೇ ಬಂದು ಸೇರಬೇಕು. ಹೆಳವರ ಕಡತ ಬಿಟ್ಟವರನ್ನು ಇಲ್ಲಿ ಹುಡುಕಬಹುದು. ಬರ ಬಿದ್ದಾಗ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋದವರು ಅಲ್ಲಿ ಕೂಸಿಗೆ ಜ್ಞಾನಸ್ನಾನ ಮಾಡಿಸಿದ್ದರೆ ಯಾವ ಧರ್ಮಕೇಂದ್ರದಲ್ಲಿ ಎಂಬುದನ್ನು ಈಗಲೇ ಬರೆದಿಡಿ.

ಕೆಲವರು ವಂಶ ಹುಡುಕುವುದು ಬೀಗರ ಮುಂದೆ ಜಾತಿ ಹೇಳಿಕೊಳ್ಳಲು. ಜ್ಞಾನಸ್ನಾನ ಪಡೆದು ಎಷ್ಟು ತಲೆಮಾರಾದರೂ ಈ ಚಟ ಬಿಟ್ಟಿಲ್ಲ. ಅಂಥವರು ಮತ್ತಾಯನ ಪಟ್ಟಿಯನ್ನು ನಿಧಾನವಾಗಿ ಓದಲಿ. ಮಾವನಿಂದ ಬಸುರಾದ ತಾಮಾರಳಿದ್ದಾಳೆ, ಜೆರಿಕೋದ ವೇಶ್ಯೆ ರಾಹಾಬಳಿದ್ದಾಳೆ, ಅನ್ಯಕುಲದ ರೂತಳಿದ್ದಾಳೆ, ರಾಜನೇ ಕೆಡಿಸಿದ ಊರಿಯನ ಹೆಂಡತಿ ಇದ್ದಾಳೆ. ಮುಚ್ಚಿಡಬಹುದಾಗಿತ್ತು, ಮತ್ತಾಯ ಮುಚ್ಚಿಡಲಿಲ್ಲ. ದೇವಪುತ್ರ ತನ್ನದೆಂದು ಒಪ್ಪಿಕೊಂಡ ಮನೆತನ ಇದು.

ನಿಮ್ಮ ಮನೆಯಲ್ಲೂ ಅಜ್ಜಿ ತಟ್ಟನೆ ಮಾತು ನಿಲ್ಲಿಸುವ ಒಂದು ಹೆಸರು ಬಂದೀತು. ಹೇಳದೆ ಮನೆ ಬಿಟ್ಟ ಕಾಕಾ, ತವರಿಗೆ ಮರಳಿ ಮೂಲೆಯಲ್ಲಿ ಬದುಕು ಕಳೆದ ಅತ್ತೆ, ತೊಟ್ಟಿಲಿಗೆ ಹಾಕುವ ಮೊದಲೇ ತೀರಿದ ಕೂಸು. ಒತ್ತಾಯ ಮಾಡಬೇಡಿ. ಒಂದು ಸಾಲು ಖಾಲಿ ಬಿಡಿ, ಹೇಳಬೇಕೆನಿಸಿದ ದಿನ ಆಕೆಯೇ ಹೇಳುತ್ತಾಳೆ. ನವೆಂಬರ್ 2ರಂದು ಮೃತರಿಗಾಗಿ ಬಲಿಪೂಜೆಗೆ ಹೆಸರು ಕೊಡುವಾಗ ಆ ಸಾಲಿನವರನ್ನೂ ಸೇರಿಸಿ. ಹೆಸರು ಗೊತ್ತಿಲ್ಲದಿದ್ದರೆ 'ನಮ್ಮ ಅತ್ತೆ' ಎಂದಷ್ಟೇ ಬರೆದುಕೊಡಿ, ಗುರುಗಳು ಹಾಗೆಯೇ ಓದುತ್ತಾರೆ.